ತಕ್ಕಡಿಗೆ ಕಾಣದ ಪದರ

ಒಬ್ಬರು ಬಹುಕಾಲದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿರುವವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಮಾತ್ರೆ ಕಾರ್ಖಾನೆಯೊಂದರ ಕೋಟಿಂಗ್ ವಿಭಾಗದಲ್ಲಿ ಕೆಲಸ. ಮಾತು ತೆಗೆದದ್ದು ದೊಡ್ಡಪ್ಪ.

— ಮಾತ್ರೆಗೆ ಬಣ್ಣ ಹೊಡೆಯೋಕೆ ಎಂ.ಫಾರ್ಮಾ ಓದಬೇಕಾ ಅಂತ ನಿಮ್ಮಪ್ಪ ಮೊನ್ನೆ ಕೇಳ್ತಿದ್ದ. ನಾನು ನಕ್ಕು ಸುಮ್ಮನಾದೆ. ಉತ್ತರ ನನಗೂ ಗೊತ್ತಿರಲಿಲ್ಲ ಅನ್ನು.

— ನೀವೂ ಅದನ್ನ ಬಣ್ಣ ಅಂತಲೇ ಅಂದ್ಕೊಂಡಿದ್ದೀರಾ ದೊಡ್ಡಪ್ಪ?

— ಅಂಗಡಿಯವನಿಗೆ ಬಣ್ಣ ಅಂದರೆ ಗುರುತು ಕಣಮ್ಮ. ‘ಆ ಹಳದಿ ಗ್ಯಾಸ್ ಮಾತ್ರೆ ಕೊಡಿ’ ಅಂತಾರೆ, ಹೆಸರು ಯಾರಿಗೆ ನೆನಪಿರುತ್ತೆ? ಕಹಿ ಗೊತ್ತಾಗಬಾರದು, ಗಂಟಲಲ್ಲಿ ಸಲೀಸಾಗಿ ಇಳಿಯಬೇಕು, ಅದಕ್ಕೊಂದು ಪದರ. ಅಷ್ಟೇ ತಾನೆ?

— ಎಷ್ಟೋ ಮಾತ್ರೆಗಳಿಗೆ ಅಷ್ಟೇ. ಆದರೆ ನೀವು ಹೇಳಿದಿರಲ್ಲ ಹಳದಿ ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್, ಅದಕ್ಕೆ ಆ ಪದರವೇ ಜೀವ. ಹೊಟ್ಟೆಯ ಆಮ್ಲ ಕಡಿಮೆ ಮಾಡೋಕೆ ಹೋಗೋ ಔಷಧಿಗೆ ಅದೇ ಆಮ್ಲ ತಾಗಿದರೆ ತಾನೇ ಕೆಟ್ಟುಹೋಗುತ್ತೆ. ಹಾಗಾಗಿ ಜಠರದಲ್ಲಿ ಕರಗದೆ ಕರುಳಿಗೆ ಇಳಿದ ಮೇಲೆ ಮಾತ್ರ ಕರಗೋ ಪದರ ಹಾಕ್ತೀವಿ. ಎಂಟೆರಿಕ್ ಕೋಟಿಂಗ್ ಅಂತಾರೆ. ಆಮ್ಲದಲ್ಲಿ ಅದು ಕರಗೋದೇ ಇಲ್ಲ. ಪಿಎಚ್ 5.5 ದಾಟಿದರೆ ಕರಗೋಕೆ ಶುರುವಾಗುವ ಪಾಲಿಮರ್ ಇದೆ, 6ಕ್ಕೆ ಕರಗೋದು ಬೇರೆ, 7ಕ್ಕೆ ಕರಗೋದು ಇನ್ನೊಂದು. ಯಾವ ಔಷಧ ಕರುಳಿನ ಯಾವ ಭಾಗದಲ್ಲಿ ಬಿಚ್ಚಿಕೊಳ್ಳಬೇಕು ಅನ್ನೋದರ ಮೇಲೆ ಆಯ್ಕೆ.

— ಇದೆಲ್ಲ ಈಚೆಗೆ ಬಂದದ್ದೇನು?

— ಈ ಪಾಲಿಮರ್‌ಗಳು 1950ರ ದಶಕದಿಂದ ಈಚಿನವು. ಅದಕ್ಕೂ ಮೊದಲು ಅರಗು ಬಳಸ್ತಿದ್ದರು.

— ಅರಗು ಅಂದರೆ? ಚನ್ನಪಟ್ಟಣದ ಗೊಂಬೆಗೆ ಹಚ್ಚೋ ಅರಗಾ?

— ಮೂಲ ಅದೇ, ಅರಗಿನ ಹುಳುವಿನದು. ಮಾತ್ರೆಗೆ ಹಾಕೋದು ಅದರ ಶುದ್ಧ ಮಾಡಿದ ರೂಪ, ಶೆಲ್ಯಾಕ್. ಆಮ್ಲವನ್ನ ಚೆನ್ನಾಗಿ ತಡೆಯುತ್ತೆ. ತೊಂದರೆ ಏನಂದರೆ ಹುಳುವಿನ ಸರಕು ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲ್ಲ, ಕರುಳಲ್ಲಿ ಕರಗೋದೂ ತಡ.

— ಸರಿ, ಪದರ ಬೇಕು ಅಂತ ಒಪ್ಪಿದೆ. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ? ಕಣ್ಣಲ್ಲಿ ನೋಡ್ತೀರಾ?

— ತೂಕ ಹಾಕ್ತೀವಿ. ಕೋಟಿಂಗ್‌ಗೆ ಮುಂಚೆ 100 ಮಾತ್ರೆ ತೂಗೋದು, ನಡುನಡುವೆ ತೆಗೆದು ಮತ್ತೆ 100 ತೂಗೋದು. ವೆಯ್ಟ್ ಗೇನ್ ಅಂತ ಕರೆಯೋದು. ಒಂದು ಮಾತ್ರೆ 200 ಮಿಲಿಗ್ರಾಂ ಅಂತ ಇಟ್ಕೊಳ್ಳಿ, 100ಕ್ಕೆ 20 ಗ್ರಾಂ. ಎಂಟೆರಿಕ್ ಪದರ ಶೇಕಡ 8 ಬೇಕು ಅಂದರೆ ತಕ್ಕಡಿ 21.6 ಗ್ರಾಂ ತೋರಿಸೋ ತನಕ ಸ್ಪ್ರೇ ಮಾಡ್ತಾ ಇರೋದು. ತೋರಿಸಿತು, ನಿಲ್ಲಿಸಿದೆವು.

— ಲೆಕ್ಕ ಸರಿಯಾಗೇ ಇದೆಯಲ್ಲ.

— ಸರಾಸರಿ ಲೆಕ್ಕ ಸರಿಯಾಗಿದೆ. ಒಂದೊಂದು ಮಾತ್ರೆಗೆ 16 ಮಿಲಿಗ್ರಾಂ ಪದರ ಬಿದ್ದಿದೆ ಅಂತ ಆಯ್ತು. ಆದರೆ 100ರಲ್ಲಿ ಯಾವುದಕ್ಕೆ 20 ಬಿತ್ತು, ಯಾವುದಕ್ಕೆ 11 ಬಿತ್ತು?

— ಒಂದೊಂದನ್ನೇ ತೂಗಿ ನೋಡೋದಪ್ಪ.

— ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಪದರ ಇಲ್ಲದ ಮಾತ್ರೆಗಳೇ ಒಂದರ ಹಾಗೆ ಒಂದು ತೂಗಲ್ಲ. ಈ ಗಾತ್ರದ ಮಾತ್ರೆಗೆ ಔಷಧಗಳ ಮಾನದಂಡದ ಗ್ರಂಥ ಫಾರ್ಮಕೋಪಿಯಾ ಬಿಟ್ಟುಕೊಡೋ ವ್ಯತ್ಯಾಸವೇ ಶೇಕಡ ಏಳೂವರೆ, ಅಂದರೆ 200ಕ್ಕೆ ಹಿಂದೆ ಮುಂದೆ 15 ಮಿಲಿಗ್ರಾಂ. ಪದರ ಇರೋದೇ 16! ಒಂದು ಮಾತ್ರೆ 216 ತೂಗಿತು ಅಂದರೆ ಅದು 200ರ ಮಾತ್ರೆಗೆ 16ರ ಪದರವೋ, 208ರ ಮಾತ್ರೆಗೆ 8ರ ಪದರವೋ ತಕ್ಕಡಿ ಹೇಳಲ್ಲ. ಸಾಲದ್ದಕ್ಕೆ ಬಿಸಿ ಗಾಳಿಗೆ ಮಾತ್ರೆಯೊಳಗಿನ ತೇವ ಬೇರೆ ಹಾರಿಹೋಗಿರುತ್ತೆ, ಅದೂ ತೂಕದಲ್ಲಿ ಕಳೆದಿರುತ್ತೆ.

— ಹಾಗಾದರೆ ಇಷ್ಟು ವರ್ಷ ನಾನು ಮಾರಿದ್ದೆಲ್ಲ ಅಂದಾಜಿನ ಸರಕಾ?

— ಹಾಗಲ್ಲ, ಆಮ್ಲದ ಪರೀಕ್ಷೆ ಇದೆಯಲ್ಲ. ಎಂಟೆರಿಕ್ ಮಾತ್ರೆ ಆರು ತೆಗೆದುಕೊಂಡು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 2 ಗಂಟೆ ಮೇಲೆ ಕೆಳಗೆ ಆಡಿಸ್ತೀವಿ. ಬಿರುಕು ಬಿಡಬಾರದು, ಒಡೆಯಬಾರದು. ಆಮೇಲೆ ಆಮ್ಲ ತೆಗೆದು 6.8 ಪಿಎಚ್ ಇರೋ ಬಫರ್ ಹಾಕಿದರೆ 1 ಗಂಟೆಯೊಳಗೆ ಬಿಚ್ಚಿಕೊಳ್ಳಬೇಕು. ಔಷಧ ಎಷ್ಟು ಹೊರಬಂತು ಅಂತ ಅಳೆಯೋ ಡಿಸೊಲ್ಯೂಷನ್ ಬೇರೆ. ಪದರ ಇಷ್ಟೇ ದಪ್ಪ ಇರಬೇಕು ಅಂತ ಫಾರ್ಮಕೋಪಿಯಾ ಕೇಳಲ್ಲ, ತಡೆದುಕೊಳ್ಳುತ್ತೋ ಇಲ್ಲವೋ ಅಂತ ಮಾತ್ರ ಕೇಳುತ್ತೆ. ಒಂದು ರೀತಿಯಲ್ಲಿ ನ್ಯಾಯವಾದ ಪ್ರಶ್ನೆಯೇ.

— ಮತ್ತೇನು ಚಿಂತೆ?

— ಕೋಟಿಂಗ್ ಮಾಡೋ ಪ್ಯಾನ್‌ನಲ್ಲಿ 300 ಕೆಜಿ ಇತ್ತು ಅಂದರೆ ಇಂಥ ಮಾತ್ರೆ 15 ಲಕ್ಷ ಆಗುತ್ತೆ. ಆಮ್ಲಕ್ಕೆ ಇಳಿದದ್ದು ಆರು. ಅವು ಪಾಸಾದವು ಸರಿ, ಆದರೆ ಎಷ್ಟರಲ್ಲಿ ಪಾಸಾದವು? ಕೂದಲೆಳೆ ಅಂತರದಲ್ಲೋ, ಧಾರಾಳವಾಗಿಯೋ? ಫೇಲಾದರೆ ಯಾಕೆ, ಎಲ್ಲಿಂದ ಸೋರಿತು? ಎರಡೂ ಗೊತ್ತಾಗಲ್ಲ. ಪದರ ಸರಾಸರಿಯಲ್ಲಿ ಸೋಲಲ್ಲ ದೊಡ್ಡಪ್ಪ, ಎಲ್ಲಿ ತೀರಾ ತೆಳುವಾಗಿದೆಯೋ ಅಲ್ಲಿ ಸೋಲುತ್ತೆ. ಆ ಜಾಗ ನೋಡಬೇಕು ಅನ್ನೋದಕ್ಕೇ ಚಿತ್ರ ತೆಗೆಯೋ ವಿದ್ಯೆ ಬಂದದ್ದು.

— ತೆಳುವಾದ ಜಾಗ ಅಂತ ನೀನು ಅಂದಾಗ ನೆನಪಾಯ್ತು. ಕೆಲವರು ಇದೇ ಮಾತ್ರೆಯನ್ನ ಅರ್ಧ ಮುರಿದು ತಗೊಳ್ತಾರೆ. ಮೂಗಿನಲ್ಲಿ ಟ್ಯೂಬ್ ಹಾಕಿರೋ ಅಜ್ಜಿಗೆ ಅಂತ ಒಬ್ಬರು ಕುಟ್ಟಿ ಪುಡಿ ಮಾಡಿ ಕೊಡ್ತಿದ್ದರು.

— ಕುಟ್ಟಿದ ಮೇಲೆ ಪದರದ ಮಾತೇ ಇಲ್ಲ, ಔಷಧ ನೇರ ಆಮ್ಲಕ್ಕೆ. ಅಂಥವರಿಗೆ ಡಾಕ್ಟರ್ ಹತ್ತಿರ ಬೇರೆ ರೂಪ ಬರೆಸಿಕೊಳ್ಳಿ ಅಂತ ನೀವೇ ಹೇಳಬೇಕು.

— ಹೇಳ್ತೀನಿ, ಕೇಳೋರು ಬೇಕಲ್ಲ. ಅದಿರಲಿ, ನಿಮ್ಮ ಪ್ಯಾನ್ ಒಳಗೆ ತೆಳು ದಪ್ಪ ಯಾಕೆ ಆಗುತ್ತೆ ಅಂತ ಹೇಳು.

— ಪ್ಯಾನ್ ಅಂದರೆ ಅಡ್ಡ ಮಲಗಿಸಿದ ದೊಡ್ಡ ಡ್ರಮ್, ಮೈತುಂಬ ಸಣ್ಣ ತೂತು. ಅದು ತಿರುಗ್ತಾ ಇದ್ದರೆ ಮಾತ್ರೆಗಳ ರಾಶಿ ಒಂದು ಪಕ್ಕಕ್ಕೆ ಏರಿ ಇಳಿಜಾರಲ್ಲಿ ಉರುಳಿ ಬೀಳ್ತಾ ಇರುತ್ತೆ. ಆ ಇಳಿಜಾರಿಗೆ ಎದುರಾಗಿ ಸ್ಪ್ರೇ ಗನ್‌ಗಳು. ಬಿಸಿ ಗಾಳಿ ರಾಶಿಯ ನಡುವೆ ಹಾದು ತೂತುಗಳಿಂದ ಆಚೆ ಹೋಗುತ್ತೆ. ಒಂದು ಹನಿ ಬಿತ್ತು, ಹರಡಿತು, ಒಣಗಿತು. ಮಾತ್ರೆ ರಾಶಿಯೊಳಗೆ ಮುಳುಗಿತು, ಇನ್ನು ಯಾವಾಗಲೋ ಮೇಲೆ ಬಂದಾಗ ಇನ್ನೊಂದು ಹನಿ. ಗಂಟೆಗಟ್ಟಲೆ ಇದೇ. ಯಾವ ಮಾತ್ರೆ ಎಷ್ಟು ಸಲ ಗನ್ ಕೆಳಗೆ ಬಂತು ಅನ್ನೋದು ಅದರದರ ಹಣೆಬರಹ. ತೇವ ಹೆಚ್ಚಾದರೆ ಎರಡು ಮಾತ್ರೆ ಬೆನ್ನಿಗೆ ಬೆನ್ನು ಅಂಟಿಕೊಳ್ಳುತ್ತೆ, ಟ್ವಿನ್ನಿಂಗ್. ಅಥವಾ ಪ್ಯಾನ್‌ಗೆ ಅಂಟಿ ಒಂದು ಚೂರು ಕಿತ್ತುಬರುತ್ತೆ, ಪಿಕಿಂಗ್. ಒಣಗೋದು ಹೆಚ್ಚಾದರೆ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂತು ಮೈಯೆಲ್ಲ ತರಿ ತರಿ. ಮಾತ್ರೆ ಮೇಲೆ ಕೊರೆದ ಅಕ್ಷರ ತುಂಬಿ ಮುಚ್ಚಿಹೋಗೋದೂ ಉಂಟು. ಮಾತ್ರೆ ಮಾತ್ರೆಗೆ ಬಡಿದು ಅಂಚು ಸವೆಯೋದು ಬೇರೆ.

— ಇವೆಲ್ಲ ಕಣ್ಣಿಗೇ ಕಾಣೋ ದೋಷಗಳಲ್ಲವಾ? ಕ್ಯಾಮೆರಾ ಸಾಲದಾ?

— ಮೇಲ್ಮೈಗೆ ಸಾಕು. ಪ್ಯಾಕಿಂಗ್‌ಗೆ ಮುಂಚೆ ಬೆಲ್ಟ್ ಮೇಲೆ ಓಡೋ ಒಂದೊಂದು ಮಾತ್ರೆಯನ್ನೂ ಕ್ಯಾಮೆರಾ ನೋಡಿ, ಅಂಚು ಒಡೆದದ್ದು, ಚುಕ್ಕೆ ಬಿದ್ದದ್ದು, ಬಣ್ಣ ತಪ್ಪಿದ್ದನ್ನ ಗಾಳಿ ಊದಿ ಆಚೆ ತಳ್ಳೋ ಯಂತ್ರಗಳಿವೆ. ಆದರೆ ಬಣ್ಣ ಸಮನಾಗಿದ್ದ ಮಾತ್ರಕ್ಕೆ ದಪ್ಪ ಸಮನಾಗಿದೆ ಅಂತ ಅರ್ಥ ಅಲ್ಲ. ನಾನು ಓದುವಾಗ ಪ್ರಾಜೆಕ್ಟಿಗೆ ಮಾತ್ರೆ ಕತ್ತರಿಸಿ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಕೆಳಗೆ ಇಡ್ತಿದ್ದೆವು. ಆಪರೇಷನ್ ಬ್ಲೇಡಿನಲ್ಲಿ ಕತ್ತರಿಸಬೇಕು. ಸ್ವಲ್ಪ ಜೋರಾಗಿ ಒತ್ತಿದರೆ ಒಳಗಿನ ಪುಡಿ ಉದುರಿ ಪದರ ಅಂಚಿನಲ್ಲಿ ಜೋತುಬೀಳುತ್ತೆ. ಓರೆಯಾಗಿ ಕತ್ತರಿಸಿದರೆ ಪದರ ಇರೋದಕ್ಕಿಂತ ದಪ್ಪ ಕಾಣುತ್ತೆ. ಆಮೇಲೆ ಮೇಲೆ ಚಿನ್ನದ ತೆಳು ಲೇಪ ಕೊಟ್ಟು ಒಳಗೆ ಇಟ್ಟರೆ ಪರದೆ ಮೇಲೆ ಎರಡು ಲೋಕ ಕಾಣುತ್ತೆ. ಕೆಳಗೆ ಕಲ್ಲು ಹರಳಿನ ಹಾಗೆ ಒತ್ತೊತ್ತಾಗಿರೋ ಪುಡಿ, ಮೇಲೆ ನುಣುಪಾದ ಪಟ್ಟಿ. ನೋಡೋಕೆ ಬಲು ಚೆಂದ. ಆದರೆ ನೋಡಿದ್ದು ಒಂದು ಮಾತ್ರೆಯ ಒಂದು ಗೆರೆ. ಮಾತ್ರೆಯೂ ಹೋಯ್ತು, ಅದನ್ನ ಮತ್ತೆ ಆಮ್ಲಕ್ಕೆ ಹಾಕಿ ‘ಈ ತೆಳು ಜಾಗದಿಂದಲೇ ಸೋರಿತಾ’ ಅಂತ ಕೇಳೋ ಹಾಗಿಲ್ಲ.

— ಕತ್ತರಿಸದೆ ನೋಡಬೇಕು ಅಂದರೆ ಎಕ್ಸ್‌ರೇ ತಾನೆ?

— ಎಕ್ಸ್‌ರೇಯಲ್ಲಿ ಸಿಟಿ ಸ್ಕ್ಯಾನ್ ಮಾಡಬಹುದು, ಮಾತ್ರೆಗೆ ಅಂತ ಪುಟ್ಟ ಯಂತ್ರಗಳಿವೆ. ಒಳಗೆ ಹೊರಗೆ ಎಲ್ಲ ತೋರಿಸುತ್ತೆ. ಆದರೆ ಗಂಟೆಗಳು ಹಿಡಿಯುತ್ತೆ, ಪದರವೂ ಒಳಗಿನ ಸರಕೂ ಎಕ್ಸ್‌ರೇಗೆ ಹೆಚ್ಚುಕಡಿಮೆ ಒಂದೇ ಥರ ಕಂಡರೆ ಗಡಿ ಎಲ್ಲಿ ಅಂತ ಹುಡುಕಾಡಬೇಕು. ನನಗೆ ಇಷ್ಟ ಆಗೋದು ಟೆರಾಹರ್ಟ್ಸ್.

— ಹೆಸರೇ ಹೆದರಿಸುತ್ತೆ.

— ಮೊಬೈಲ್ ಟವರಿನ ಅಲೆಗೂ ಟಿವಿ ರಿಮೋಟಿನ ಇನ್‌ಫ್ರಾರೆಡ್‌ಗೂ ನಡುವಿನದು. ಎಕ್ಸ್‌ರೇ ಹಾಗೆ ಅಪಾಯದ್ದಲ್ಲ. ಪ್ಲಾಸ್ಟಿಕ್, ಕಾಗದ, ಪಾಲಿಮರ್ ಎಲ್ಲವನ್ನೂ ತೂರಿಕೊಂಡು ಹೋಗುತ್ತೆ, ಲೋಹ ಬಂದರೆ ತಿರುಗಿ ಬರುತ್ತೆ, ನೀರು ಕಂಡರೆ ಇಂಗಿಹೋಗುತ್ತೆ. 1995ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಇದರಲ್ಲಿ ಮೊದಲು ಚಿತ್ರ ತೆಗೆದಾಗ ಒಂದು ಎಲೆಯದ್ದೂ ತೆಗೆದಿದ್ದರು. ಹಸಿ ಎಲೆ, ಒಣಗ್ತಾ ಹೋದ ಎಲೆ, ನೀರು ಎಷ್ಟಿದೆ ಅಂತ ಕಾಣ್ತಿತ್ತು. ಅದನ್ನ ಮಾತ್ರೆ ಕಡೆ ತಿರುಗಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. 2001ರಲ್ಲಿ ಟೆರಾವ್ಯೂ ಅಂತ ಒಂದು ಕಂಪನಿ ಅಲ್ಲಿ ಹುಟ್ಟಿತು, ವಿಶ್ವವಿದ್ಯಾಲಯದವರೂ ಕೈಹಾಕಿದರು.

— ಪದರದ ದಪ್ಪ ಹೇಗೆ ಸಿಗುತ್ತೆ ಅದರಲ್ಲಿ?

— ಪಾಳು ಬಾವಿಗೆ ಕಲ್ಲು ಹಾಕಿ ಸದ್ದು ಬರೋ ತನಕ ಎಣಿಸಿ ಆಳ ಹೇಳ್ತಿದ್ದಿರಲ್ಲ, ಅದೇ ಲೆಕ್ಕ. ಒಂದು ಪುಟ್ಟ ಅಲೆಯ ಹೊಡೆತ ಮಾತ್ರೆ ಮೇಲೆ ಬಿಡ್ತಾರೆ. ಪದರದ ಮೇಲ್ಮೈಯಿಂದ ಸ್ವಲ್ಪ ತಿರುಗಿ ಬರುತ್ತೆ. ಉಳಿದದ್ದು ಒಳಗೆ ಹೋಗಿ, ಪದರ ಮುಗಿದು ಮಾತ್ರೆ ಶುರುವಾಗೋ ಗಡಿಯಿಂದ ಇನ್ನೊಂದು ಚೂರು ತಿರುಗಿ ಬರುತ್ತೆ. ಎರಡರ ನಡುವಿನ ಸಮಯವೇ ದಪ್ಪ. ಬೆಳಕು ಒಂದು ಪಿಕೊಸೆಕೆಂಡಿಗೆ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕೆ, 0.3 ಮಿಲಿಮೀಟರ್ ಹೋಗುತ್ತೆ. ಪದರ 100 ಮೈಕ್ರಾನ್ ಅಂತ ಇಟ್ಟುಕೊಳ್ಳಿ. ಹೋಗಿ ಬರೋಕೆ 200. ಪಾಲಿಮರಿನೊಳಗೆ ಅಲೆ ಒಂದೂವರೆ ಪಟ್ಟು ನಿಧಾನ, ಹಾಗಾಗಿ 300 ಮೈಕ್ರಾನಿಗೆ ಸಮ. ಲೆಕ್ಕ ಸರಿಯಾಗಿ 1 ಪಿಕೊಸೆಕೆಂಡ್.

— ಅಷ್ಟು ಸಣ್ಣ ಹೊತ್ತನ್ನ ಯಾವ ಗಡಿಯಾರ ಅಳೆಯುತ್ತಮ್ಮ?

— ಗಡಿಯಾರ ಅಲ್ಲ, ಲೇಸರ್. ಒಂದೇ ಲೇಸರ್ ಮಿಡಿತವನ್ನ ಎರಡು ದಾರಿಗೆ ಒಡೆದು, ಒಂದು ದಾರಿಯ ಉದ್ದವನ್ನ ಕನ್ನಡಿ ಸರಿಸಿ ಚೂರು ಚೂರೇ ಬದಲಾಯಿಸ್ತಾ ಹೋಗ್ತಾರೆ. ಸಮಯ ಅಳೆಯೋ ಕಷ್ಟವನ್ನ ದೂರ ಅಳೆಯೋದಕ್ಕೆ ಬದಲಾಯಿಸಿಕೊಂಡ ಹಾಗೆ. ರೋಬೋಟ್ ಕೈ ಮಾತ್ರೆ ಹಿಡಿದು ತಿರುಗಿಸ್ತಾ ಹೋದರೆ ಮೈಯೆಲ್ಲ ಅಳೆದು ನಕ್ಷೆ ಬರುತ್ತೆ, ದಪ್ಪ ಇರೋ ಕಡೆ ಒಂದು ಬಣ್ಣ, ತೆಳು ಕಡೆ ಇನ್ನೊಂದು. ಅಂಥ ನಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಏನು ಗೊತ್ತಾ? ಎರಡೂ ಕಡೆ ಉಬ್ಬಿರೋ ಮಾತ್ರೆಯ ನಡುವೆ ಸುತ್ತಲೂ ಒಂದು ಪಟ್ಟಿ ಇರುತ್ತಲ್ಲ, ಸೊಂಟದ ಹಾಗೆ, ಅಲ್ಲಿ ಪದರ ಮುಖಕ್ಕಿಂತ ತೆಳು.

— ಯಾಕೆ, ಗನ್ನಿಗೆ ಸೊಂಟ ಕಾಣಲ್ವಾ?

— ಅದೇ ಉತ್ತರ! ಉರುಳಿಕೊಂಡು ಬರೋ ಮಾತ್ರೆ ಗನ್ ಕೆಳಗೆ ಬರುವಾಗ ಹೆಚ್ಚಾಗಿ ಮುಖ ಮೇಲೆ ಮಾಡಿಕೊಂಡು ಮಲಗಿರುತ್ತೆ. ಸೊಂಟದ ಮೇಲೆ ನಿಂತುಕೊಂಡು ಬರೋದು ಅಪರೂಪ. ನೀವು ತಮಾಷೆಗೆ ಅಂದಿರಿ, ಕಾರಣ ಅದೇ. ಪದರದ ಸರಾಸರಿ 80 ಮೈಕ್ರಾನ್ ಅಂತ ಕಡತದಲ್ಲಿ ಬರೆದುಕೊಂಡು ನಾವು ನೆಮ್ಮದಿಯಾಗಿರ್ತೀವಿ. ಮಾತ್ರೆ ಮಾತ್ರ ಸೊಂಟದಲ್ಲಿ ಅದಕ್ಕಿಂತ ಕಡಿಮೆ ಉಟ್ಟುಕೊಂಡು ಆಮ್ಲಕ್ಕೆ ಇಳಿಯುತ್ತೆ.

— ಅಲ್ಲಮ್ಮಾ, ತೆಳು ಇದ್ದರೂ ಸೋರದೆ ಇರಬಹುದಲ್ಲ? ದಪ್ಪ ಇದ್ದು ಸೋರಲೂಬಹುದು.

— ಒಳ್ಳೆ ಪ್ರಶ್ನೆ, ನಮ್ಮ ಮೀಟಿಂಗ್‌ನಲ್ಲಿ ಇದನ್ನ ಕೇಳೋರು ಕಮ್ಮಿ. ಹೌದು, ದಪ್ಪ ಒಂದೇ ಸಾಲದು. ಈಗಿನ ಕೋಟಿಂಗ್ ಹೆಚ್ಚಿನದು ನೀರಿನಲ್ಲಿ ತೇಲೋ ಪಾಲಿಮರ್ ಕಣಗಳು. ಹನಿ ಒಣಗುವಾಗ ಆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಹಾಳೆ ಆಗಬೇಕು. ಬಿಸಿ ಸಾಲದೆ ಹೋದರೆ ಅರ್ಧ ಬೆಸೆದು ನಡುವೆ ಸಂದು ಉಳಿಯುತ್ತೆ. ಅದಕ್ಕೇ ಕೋಟಿಂಗ್ ಮುಗಿದ ಮೇಲೂ ಬಿಸಿ ಗಾಳಿಯಲ್ಲಿ ಸ್ವಲ್ಪ ಹೊತ್ತು ಇಡೋದು, ಕ್ಯೂರಿಂಗ್. ಟೆರಾಹರ್ಟ್ಸ್‌ನ ಗುಣ ಇಲ್ಲೇ. ಎರಡು ಪ್ರತಿಧ್ವನಿ ನಡುವಿನ ಸಮಯ ದಪ್ಪ ಹೇಳಿದರೆ, ಮೊದಲ ಪ್ರತಿಧ್ವನಿ ಎಷ್ಟು ಬಲವಾಗಿದೆ ಅನ್ನೋದು ಮೇಲ್ಮೈ ಎಷ್ಟು ಒತ್ತಾಗಿದೆ ಅಂತ ಹೇಳುತ್ತೆ. ತೂಕ ಸಮ, ದಪ್ಪವೂ ಸಮ, ಆದರೆ ಸಾಂದ್ರತೆ ಬೇರೆ, ಕರಗೋ ವೇಗ ಬೇರೆ, ಹೀಗೂ ಆಗುತ್ತೆ.

— ಪ್ಯಾಂಟೊಪ್ರಜೋಲ್‌ಗೆ ಒಂದೇ ಪದರವಾ?

— ಸಾಮಾನ್ಯವಾಗಿ ಎರಡು. ಎಂಟೆರಿಕ್ ಪಾಲಿಮರ್ ತಾನೂ ಆಮ್ಲ ಸ್ವಭಾವದ್ದೇ. ಅದನ್ನ ನೇರ ಔಷಧದ ಮೇಲೆ ಕೂರಿಸಿದರೆ ಕಾಯೋದೇ ಕೆಡಿಸುತ್ತೆ. ಹಾಗಾಗಿ ನಡುವೆ ಒಂದು ಸಬ್‌ಕೋಟ್. ಸರಿಯಾಗಿ ಸಿಕ್ಕರೆ ಟೆರಾಹರ್ಟ್ಸ್‌ನಲ್ಲಿ ಮೂರು ಪ್ರತಿಧ್ವನಿ ಕಾಣಬೇಕು. ಆದರೆ ಪದರ ತೀರಾ ತೆಳುವಾದರೆ, 30-40 ಮೈಕ್ರಾನಿಗಿಂತ ಕೆಳಗೆ, ಎರಡು ಪ್ರತಿಧ್ವನಿ ಒಂದರ ಮೇಲೊಂದು ಬಿದ್ದು ಬೇರೆ ಮಾಡೋದು ಕಷ್ಟ. ನಿಮ್ಮ ಅಂಗಡಿಯ ಪ್ಯಾರಾಸಿಟಮಾಲ್‌ಗೋ ವಿಟಮಿನ್ ಮಾತ್ರೆಗೋ ಹಾಕೋ ಸಾದಾ ಫಿಲ್ಮ್ ಎಷ್ಟೋ ಸಲ ಆ ಗೆರೆಯ ಕೆಳಗೇ ಇರುತ್ತೆ. ಅಂಥದಕ್ಕೆ ಬೆಳಕಿನಿಂದ ಅಳೆಯೋ ಓಸಿಟಿ.

— ತಡಿ ತಡಿ, ಓಸಿಟಿ ನನಗೂ ಮಾಡಿದ್ದಾರೆ! ಶುಗರ್ ಇದೆಯಲ್ಲ, ಕಣ್ಣಿನ ಆಸ್ಪತ್ರೆಯಲ್ಲಿ ಗಲ್ಲ ಇಟ್ಟು ಕೂರಿಸಿ ಒಂದು ಗುರುತು ತೋರಿಸಿ ಕಣ್ಣು ಮಿಟುಕಿಸಬೇಡಿ ಅಂದರು. ಆಮೇಲೆ ಕಾಗದದಲ್ಲಿ ಗದ್ದೆ ಬದುವಿನ ಹಾಗೆ ಪದರ ಪದರ.

— ಅದೇ ಯಂತ್ರದ ದಾಯಾದಿ. 1991ರಲ್ಲಿ ಎಂಐಟಿಯ ಫುಜಿಮೋಟೊ ಅವರ ಗುಂಪು ರೆಟಿನಾದ ಚಿತ್ರ ತೆಗೆದು ಪ್ರಕಟಿಸಿತು. ರೆಟಿನಾ ಆದರೇನು, ಮಾತ್ರೆ ಆದರೇನು, ಬೆಳಕನ್ನ ಸ್ವಲ್ಪ ಬಿಟ್ಟುಕೊಳ್ಳೋ ಪದರಗಳು ತಾನೆ ಅಂತ ಆಮೇಲೆ ಕೆಲವರು ಮಾತ್ರೆ ಇಟ್ಟು ನೋಡಿದರು. ಆಸ್ಟ್ರಿಯದ ಗ್ರಾಟ್ಸ್‌ನಲ್ಲಿ ಇದರ ಮೇಲೆ ಬಹಳ ಕೆಲಸ ಆಗಿದೆ. ಟೆರಾಹರ್ಟ್ಸ್‌ಗಿಂತ ಸೂಕ್ಷ್ಮ, ಕೆಲವೇ ಮೈಕ್ರಾನ್ ತನಕ ಬೇರೆ ಮಾಡಿ ತೋರಿಸುತ್ತೆ. ವೇಗವೂ ಜಾಸ್ತಿ. ರೋಬೋಟ್ ಕೈಯಲ್ಲಿ ಒಂದು ಮಾತ್ರೆ ಅರ್ಧ ಮುಕ್ಕಾಲು ಗಂಟೆ ತಿರುಗಿಸೋ ಬದಲು, ಪ್ಯಾನ್ ತಿರುಗ್ತಾ ಇರೋವಾಗಲೇ ಹೊರಗಿನಿಂದ ಆ ತೂತುಗಳ ಮೂಲಕ ಬೆಳಕು ಬಿಟ್ಟು ಒಳಗೆ ಉರುಳೋ ಮಾತ್ರೆಗಳನ್ನ ಅಳೀಬಹುದು. ಟೆರಾಹರ್ಟ್ಸ್‌ನವರೂ ಪ್ಯಾನ್‌ಗೆ ಸೆನ್ಸರ್ ಕಟ್ಟಿ ಉರುಳೋ ಮಾತ್ರೆ ಅಳೆದು 2011ರಲ್ಲಿ ಬರೆದಿದ್ದಾರೆ.

— ಹಾಗಾದರೆ ಓಸಿಟಿಯೇ ಗೆದ್ದಿತು ಅನ್ನು.

— ಬಿಳಿ ಬಣ್ಣ ಬಿಡಬೇಕಲ್ಲ! ಮಾತ್ರೆ ಬೆಳ್ಳಗೆ ಮುಚ್ಚಿಕೊಂಡ ಹಾಗೆ ಕಾಣಲಿ ಅಂತ ಟೈಟಾನಿಯಂ ಡೈಆಕ್ಸೈಡ್ ಹಾಕ್ತೀವಿ. ಬೆಳಕನ್ನ ಚೆದುರಿಸೋದೇ ಅದರ ಕೆಲಸ, ಅದಕ್ಕೇ ಹಾಕೋದು. ಓಸಿಟಿಯ ಬೆಳಕು ಅದರೊಳಗೆ ಸ್ವಲ್ಪ ದೂರ ಹೋಗೋದರಲ್ಲೇ ದಿಕ್ಕಾಪಾಲಾಗಿ ಕೆಳಗಿನ ಗಡಿ ಮಸುಕಾಗುತ್ತೆ. ಟೆರಾಹರ್ಟ್ಸ್‌ನ ಅಲೆ ಆ ಕಣಗಳಿಗಿಂತ ಬಹಳ ದೊಡ್ಡದು, ಅದಕ್ಕೆ ಆ ತೊಂದರೆ ಇಲ್ಲ. ತೆಳು ಪಾರದರ್ಶಕ ಪದರಕ್ಕೆ ಓಸಿಟಿ, ದಪ್ಪ ಬಿಳಿ ಪದರಕ್ಕೆ ಟೆರಾಹರ್ಟ್ಸ್ ಅಂತ ಸುಮಾರಾಗಿ ಹೇಳಬಹುದು. ಅದೇ ಟೈಟಾನಿಯಂ ಡೈಆಕ್ಸೈಡ್ ರಾಮನ್‌ಗೆ ಮಾತ್ರ ಹಬ್ಬ.

— ರಾಮನ್ ಅಂದರೆ ನಮ್ಮ ಸಿ.ವಿ. ರಾಮನ್ನಾ?

— ಅವರದೇ. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದದ್ದು, ಬೆಂಗಳೂರಿಗೆ ಬಂದದ್ದು 1933ರಲ್ಲಿ. ಲೇಸರ್ ಬೆಳಕು ಬಿಟ್ಟರೆ ಕೋಟಿಗೊಂದು ಕಣ ಬಣ್ಣ ಬದಲಾಯಿಸಿಕೊಂಡು ತಿರುಗಿ ಬರುತ್ತೆ, ಯಾವ ವಸ್ತುವಿಗೆ ತಾಗಿ ಬಂತು ಅಂತ ಆ ಬದಲಾವಣೆ ಹೇಳುತ್ತೆ. ಟೈಟಾನಿಯಂ ಡೈಆಕ್ಸೈಡ್‌ನ ಸಹಿ ಬಹಳ ಗಟ್ಟಿ. ಪದರ ದಪ್ಪ ಆಗ್ತಾ ಹೋದ ಹಾಗೆ ಅದರ ಸಹಿ ಏರುತ್ತೆ, ಒಳಗಿನ ಔಷಧದ ಸಹಿ ಇಳಿಯುತ್ತೆ. ಪ್ಯಾನ್ ಒಳಗೆ ಒಂದು ಕಡ್ಡಿ ತೂರಿಸಿ ಕೂತಲ್ಲೇ ನೋಡ್ತಾ ಇರಬಹುದು. ಆದರೆ ಮೊದಲು ಗೊತ್ತಿರೋ ದಪ್ಪಗಳ ಜೊತೆ ಹೋಲಿಸಿ ಅದಕ್ಕೆ ಲೆಕ್ಕ ಕಲಿಸಬೇಕು. ಟೆರಾಹರ್ಟ್ಸ್‌ಗೂ ಓಸಿಟಿಗೂ ಆ ಪಾಠ ಬೇಡ, ವಕ್ರೀಭವನದ ಸೂಚ್ಯಂಕ ಒಂದು ಗೊತ್ತಿದ್ದರೆ ಸಾಕು.

— ನಿಮ್ಮಲ್ಲಿ ಇವೆಲ್ಲ ಇದೆಯಾ?

— ನಮ್ಮಲ್ಲಿ ಇರೋದು ತಕ್ಕಡಿ, ಒಂದು ಒಳ್ಳೆ ಮೈಕ್ರೊಸ್ಕೋಪ್, ಪ್ಯಾಕಿಂಗ್ ಹತ್ತಿರ ಕ್ಯಾಮೆರಾ. ಟೆರಾಹರ್ಟ್ಸ್ ನಕ್ಷೆ ನಾನು ನೋಡಿದ್ದು ಸಂಶೋಧನಾ ಪತ್ರಿಕೆಗಳಲ್ಲಿ, ಯಂತ್ರ ಮಾರೋರು ತೋರಿಸೋ ಸ್ಲೈಡ್‌ಗಳಲ್ಲಿ.

— ಮತ್ತೆ ಇಷ್ಟು ಹೊತ್ತು ನನಗೆ ಕೇಂಬ್ರಿಜ್ ತೋರಿಸಿದೆಯಲ್ಲ! ಆರು ಮಾತ್ರೆ ಆಮ್ಲಕ್ಕೆ ಹಾಕಿದರೆ 15 ಲಕ್ಷಕ್ಕೆ ಅದು ಏನು ಸಾಕ್ಷಿ ಅಂತ ನೀನೇ ಕೇಳಿದೆ. ಮುಕ್ಕಾಲು ಗಂಟೆ ಹಿಡಿದು ಒಂದೇ ಮಾತ್ರೆಯ ಚಿತ್ರ ತೆಗೆದರೆ ಅದು ಯಾವ ಸೀಮೆ ಸಾಕ್ಷಿ?

— ಸಾಕ್ಷಿ ಅಲ್ಲ, ಒಪ್ಪಿದೆ. ಒಂದು ಮಾತ್ರೆಯ ಚಿತ್ರ ತೋರಿಸಿ ಬ್ಯಾಚ್ ಚೆನ್ನಾಗಿದೆ ಅನ್ನೋರನ್ನ ನಾನೂ ನಂಬಲ್ಲ. ಸ್ಲೈಡ್‌ಗಳಲ್ಲಿ ಅದೇ ಮೋಸ ನಡೆಯೋದು, ಕೆಂಪು ಹಸಿರು ನಕ್ಷೆ ಹಾಕಿದರೆ ಸಭೆ ತಲೆದೂಗುತ್ತೆ. ಚಿತ್ರದ ಕೆಲಸ ಬೇರೆ ಕಡೆ. ಹೊಸ ಮಾತ್ರೆಗೆ ಕೋಟಿಂಗ್ ಕುದುರಿಸುವಾಗ ಅದು ಬೇಕು. ಸೊಂಟ ತೆಳು ಅಂತ ಕಂಡರೆ ಏನೇನು ಮಾಡಬಹುದು ನೋಡಿ: ಪ್ಯಾನ್ ವೇಗ ಬದಲಾಯಿಸಬಹುದು, ಮಾತ್ರೆಗಳನ್ನ ತಿರುವಿಹಾಕೋ ಅಡ್ಡಪಟ್ಟಿ ಬದಲಾಯಿಸಬಹುದು, ಗನ್ ದೂರ ಸರಿಸಬಹುದು, ಒಂದು ಹೊತ್ತಿಗೆ ಹಾಕೋ ಕೆಜಿ ಕಡಿಮೆ ಮಾಡಬಹುದು. ಕೊನೆಗೆ ಮಾತ್ರೆ ಒತ್ತೋ ಪಂಚಿನ ಆಕಾರವನ್ನೇ ತಿದ್ದಬಹುದು. ಒಂದೊಂದು ಬದಲಾಯಿಸಿದಾಗಲೂ ಚಿತ್ರ ನೋಡಿದರೆ ಯಾವುದರಿಂದ ಸೊಂಟ ತುಂಬಿತು ಅಂತ ಗೊತ್ತಾಗುತ್ತೆ. ಆಮ್ಲದ ಪರೀಕ್ಷೆ ಪಾಸೋ ಫೇಲೋ ಅಂದು ಸುಮ್ಮನಾಗುತ್ತೆ.

— ಚಿತ್ರ ಇಲ್ಲದೆ ಇಷ್ಟು ವರ್ಷ ಏನು ಮಾಡ್ತಿದ್ದಿರಿ?

— ಸುಲಭದ ದಾರಿ, ಎಲ್ಲದಕ್ಕೂ ಇನ್ನೊಂದು ಕೋಟು! ಶೇಕಡ 8ಕ್ಕೆ ಸಂಶಯ ಇದೆಯಾ, 10 ಹಾಕು. ಸೊಂಟದಲ್ಲಿ ಸಾಕಷ್ಟು ಬೀಳಲಿ ಅಂತ ಮುಖದ ಮೇಲೆ ಬೇಡದಷ್ಟು. ಪ್ಯಾನ್ ಒಂದು ಗಂಟೆ ಹೆಚ್ಚಿಗೆ ಓಡುತ್ತೆ, ಪಾಲಿಮರ್ ಖರ್ಚು, ಕರೆಂಟು ಖರ್ಚು. ಪದರ ತೀರಾ ದಪ್ಪ ಆದರೆ ಕರುಳಿನಲ್ಲಿ ಬಿಚ್ಚಿಕೊಳ್ಳೋದೂ ತಡ. ಲೆಕ್ಕ ಹಾಕಿದರೆ ಯಂತ್ರ ಇಲ್ಲದ್ದಕ್ಕೂ ದುಡ್ಡು ಕೊಡ್ತಾನೇ ಇದ್ದೀವಿ, ಬಿಲ್ಲು ಬರಲ್ಲ ಅಷ್ಟೇ. ಅಮೆರಿಕದ ಎಫ್‌ಡಿಎ 2004ರಲ್ಲೇ ಒಂದು ಮಾರ್ಗಸೂಚಿ ತಂದಿತು: ಮಾಡಿ ಮುಗಿಸಿದ ಮೇಲೆ ಪರೀಕ್ಷೆ ಮಾಡೋದಕ್ಕಿಂತ, ಮಾಡ್ತಾ ಇರುವಾಗಲೇ ಅಳೆದು ತಿದ್ದಿಕೊಳ್ಳಿ ಅಂತ. ಪ್ಯಾನ್ ಮೇಲಿನ ಸೆನ್ಸರ್ ಆ ಜಾತಿಯದು. ಒಂದು ಮಾತ್ರೆಯ ಪೂರ್ತಿ ನಕ್ಷೆ ಅದು ಕೊಡಲ್ಲ, ಸಾವಿರಾರು ಮಾತ್ರೆಗಳ ಒಂದೊಂದು ಬಿಂದು ಕೊಡುತ್ತೆ. ಮಾತ್ರೆ ಮಾತ್ರೆಗೆ ಎಷ್ಟು ಹೆಚ್ಚುಕಡಿಮೆ ಅಂತ ಅದರಲ್ಲಿ ಸಿಗುತ್ತೆ. ನೀವು ಕೇಳಿದ 15 ಲಕ್ಷದ ಪ್ರಶ್ನೆಗೆ ಹತ್ತಿರದ ಉತ್ತರ ಅದೇ.

— ಹೂಂ. ಇನ್ನೊಂದು ಕೇಳ್ತೀನಿ. ಬಿಪಿಗೆ ನಿಫೆಡಿಪಿನ್ ಮಾತ್ರೆ ತಗೊಳ್ಳೋ ಒಬ್ಬರು ಗಾಬರಿಯಾಗಿ ಬಂದರು, ಬೆಳಿಗ್ಗೆ ಮಾತ್ರೆ ಇದ್ದ ಹಾಗೇ ಹೊರಗೆ ಬಂದುಬಿಟ್ಟಿದೆ, ಡೂಪ್ಲಿಕೇಟ್ ಕೊಟ್ಟಿದ್ದೀರಾ ಅಂತ.

— ಬಂದದ್ದು ಖಾಲಿ ಚಿಪ್ಪು. ಅದರ ಪದರ ಕರಗೋ ಜಾತಿಯದೇ ಅಲ್ಲ, ನೀರು ಒಳಗೆ ಬಿಟ್ಟುಕೊಳ್ಳುತ್ತೆ ಅಷ್ಟೇ. ಪದರದಲ್ಲಿ ಲೇಸರಿನಿಂದ ಕೊರೆದ ಒಂದು ಸಣ್ಣ ತೂತು ಇರುತ್ತೆ. ಒಳಗೆ ನೀರು ಸೇರಿ ಒತ್ತಡ ಹೆಚ್ಚಿದ ಹಾಗೆ ಔಷಧ ಆ ತೂತಿನಿಂದ ದಿನವಿಡೀ ನಿಧಾನಕ್ಕೆ ಹೊರಗೆ ಬರುತ್ತೆ. ಅಲ್ಲಿ ಪದರದ ದಪ್ಪವೇ ಔಷಧದ ವೇಗ. ತೆಳುವಾದರೆ ನೀರು ಬೇಗ ನುಗ್ಗುತ್ತೆ, ಔಷಧವೂ ಬೇಗ ಬರುತ್ತೆ. ಬಿಪಿ ಮಾತ್ರೆಯಲ್ಲಿ ಅದು ತಮಾಷೆ ಅಲ್ಲ.

— ಅವರಿಗೆ ಇದನ್ನ ಹೇಗೆ ಹೇಳಲಿ?

— ‘ಔಷಧ ಒಳಗೇ ಇಳಿದಿದೆ, ಬಂದದ್ದು ಸಿಪ್ಪೆ’ ಅನ್ನಿ. ಮಾತ್ರೆ ಕಚ್ಚಬೇಡಿ, ಮುರಿಯಬೇಡಿ ಅಂತಲೂ ಹೇಳಿ.

— ನೀನು ಆ ಬಿಳಿ ಬಣ್ಣದ ಮಾತು ಅರ್ಧಕ್ಕೆ ಬಿಟ್ಟೆ. ಅದು ಒಳ್ಳೆಯದಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

— ವಾಟ್ಸಾಪ್ ಬಿಡಿ, ಸಂಗತಿ ಇಷ್ಟು. ಯುರೋಪಿನವರು 2022ರಲ್ಲಿ ಆಹಾರಕ್ಕೆ ಟೈಟಾನಿಯಂ ಡೈಆಕ್ಸೈಡ್ ಹಾಕೋದನ್ನ ನಿಲ್ಲಿಸಿದರು. ಔಷಧಿಗಳಿಗೆ ಆಗ ಬಿಟ್ಟುಕೊಟ್ಟರು, ಯಾಕಂದರೆ ಒಮ್ಮೆಗೇ ಬದಲಾಯಿಸೋಕೆ ಹೋದರೆ ಸಾವಿರಾರು ಮಾತ್ರೆಗಳ ಸೂತ್ರ ತಿದ್ದಬೇಕು. ಆದರೂ ಕಂಪನಿಗಳು ಕ್ಯಾಲ್ಸಿಯಂ ಕಾರ್ಬೊನೇಟ್, ಅಕ್ಕಿ ಪಿಷ್ಟ ಇಂಥವುಗಳಲ್ಲಿ ಬಿಳುಪು ತರೋ ಪ್ರಯೋಗ ಮಾಡ್ತಿವೆ. ಅವು ಅಷ್ಟು ಚೆನ್ನಾಗಿ ಮುಚ್ಚಲ್ಲ, ಅದಕ್ಕೆ ಪದರ ದಪ್ಪ ಹಾಕಬೇಕಾಗುತ್ತೆ. ರಾಮನ್‌ಗೆ ಸಿಗ್ತಿದ್ದ ಗಟ್ಟಿ ಸಹಿ ಹೋಗುತ್ತೆ, ಓಸಿಟಿಗೆ ದಾರಿ ಸ್ವಲ್ಪ ಸಲೀಸಾಗುತ್ತೆ. ಅಳೆಯೋ ಕ್ರಮವನ್ನೇ ಮತ್ತೆ ಮೊದಲಿಂದ ಕುದುರಿಸಬೇಕು. ನಮ್ಮಲ್ಲೂ ಬಿಳಿ ಇಲ್ಲದ ಒಂದು ಕೋಟಿಂಗ್ ಟ್ರಯಲ್ ಮಾಡೋ ಮಾತು ನಡೀತಿದೆ. ಬಣ್ಣ ಸ್ವಲ್ಪ ಮಂಕಾಗಬಹುದು.

— ಮಂಕು ಅಂದರೆ ಎಷ್ಟು ಮಂಕು? ಹಳದಿ ಹಳದಿಯಾಗೇ ಉಳಿಯುತ್ತೆ ತಾನೆ?

— ಈಗಿನಷ್ಟು ತುಂಬು ಹಳದಿ ಇರಲಿಕ್ಕಿಲ್ಲ.

— ಹಾಗಿದ್ದರೆ ಎರಡು ತಿಂಗಳು ಮುಂಚೆ ರೆಪ್ ಕೈಲಿ ಹೇಳಿ ಕಳಿಸಿ, ಹಳೇ ಸ್ಟಾಕ್ ಖಾಲಿ ಮಾಡಿಕೊಳ್ತೀನಿ. ಎರಡು ಬಣ್ಣ ಒಟ್ಟಿಗೆ ಗಲ್ಲಾಪೆಟ್ಟಿಗೆ ಹತ್ತಿರ ಇಟ್ಟುಕೊಂಡರೆ ನನ್ನ ಗಿರಾಕಿಗಳು ಯಾವ ಟೆರಾಹರ್ಟ್ಸ್‌ಗೂ ಬಗ್ಗಲ್ಲ.